ದೊಡ್ಡಪತ್ರೆ ಕುಂಡ ಇಟ್ಟರೆ ಸೊಳ್ಳೆ ಬರುವುದಿಲ್ಲವೇ? ಎಲೆ ರಸ ಮಗುವಿನ ಕೆಮ್ಮಿಗೆ ಮದ್ದೇ? ಬೆಳೆಸುವ ಮುನ್ನ ಇದನ್ನು ಓದಿ

ಮಳೆಗಾಲ ಶುರುವಾದರೆ ವಾಟ್ಸಾಪ್ ಗುಂಪುಗಳಲ್ಲಿ ದೊಡ್ಡಪತ್ರೆಯ ಫೋಟೊ ಸುತ್ತಾಡತೊಡಗುತ್ತದೆ. ಓಂಕಾಳು ಬಿಡುವ ಗಿಡ ಇದೇ, ಒಂದು ಕುಂಡ ಇದ್ದರೆ ಸೊಳ್ಳೆ ಸುಳಿಯುವುದಿಲ್ಲ, ರಸಕ್ಕೆ ಜೇನು ಬೆರೆಸಿ ಹಸುಗೂಸಿಗೆ ಕೊಟ್ಟರೆ ಕಫ ಕರಗುತ್ತದೆ ಎಂಬ ಮಾತುಗಳು ಅದರ ಜೊತೆಗಿರುತ್ತವೆ. ಇವುಗಳಲ್ಲಿ ನಿಜ ಯಾವುದು?

ಓಂಕಾಳಿನ ಗಿಡ ಇದೇನಾ?

ಅಲ್ಲ. ಸಾಂಬಾರ ಸೊಪ್ಪು, ಕರ್ಪೂರವಳ್ಳಿ ಎಂದೂ ಕರೆಯುವ ದೊಡ್ಡಪತ್ರೆ ತುಳಸಿ ಮತ್ತು ಪುದೀನದ ಕುಟುಂಬಕ್ಕೆ ಸೇರಿದ್ದು. ಓಂಕಾಳು ಬಿಡುವ ಗಿಡ ಕೊತ್ತಂಬರಿ, ಜೀರಿಗೆಯ ಕುಟುಂಬದ್ದು. ದೊಡ್ಡಪತ್ರೆಯ ಎಣ್ಣೆಯಲ್ಲಿ ಕಾರ್ವಕ್ರಾಲ್ ಮತ್ತು ಥೈಮಾಲ್ ಎಂಬ ರಾಸಾಯನಿಕಗಳಿವೆ. ಓಂಕಾಳಿನಲ್ಲಿಯೂ ಥೈಮಾಲ್ ಹೇರಳವಾಗಿದೆ. ಆದ್ದರಿಂದಲೇ ಎರಡರ ವಾಸನೆ ಹತ್ತಿರ ಹತ್ತಿರ. ಎಷ್ಟು ವರ್ಷ ಕಾದರೂ ಈ ಗಿಡದಲ್ಲಿ ಓಂಕಾಳು ಸಿಗುವುದಿಲ್ಲ.

ಇದರ ವೈಜ್ಞಾನಿಕ ಹೆಸರಿನಲ್ಲಿ ಇಂಡೋನೇಷ್ಯಾದ ಅಂಬೋನ್ ದ್ವೀಪದ ಗುರುತಿದೆ. ಆದರೆ ಆಫ್ರಿಕಾದ ಪೂರ್ವ ಮತ್ತು ದಕ್ಷಿಣ ಭಾಗಗಳಲ್ಲಿ ಇದು ಕಾಡುಗಿಡವಾಗಿಯೇ ಬೆಳೆಯುತ್ತದೆ.

ಬೆಳೆಸುವುದು ಹೇಗೆ?

ಬೀಜ ಹುಡುಕಬೇಕಿಲ್ಲ. ಪಕ್ಕದ ಮನೆಯಿಂದ ಒಂದು ಗೇಣು ಉದ್ದದ, ರೋಗವಿಲ್ಲದ ಕಡ್ಡಿ ತಂದರೆ ಸಾಕು.

• ಕೆಳಗಿನ ಎಲೆಗಳನ್ನು ಕಿತ್ತು, ಒಂದೆರಡು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ನೆಡಿ. ಎರಡು ಮೂರು ವಾರದಲ್ಲಿ ಬೇರು ಬರುತ್ತದೆ. ಅಲ್ಲಿಯವರೆಗೆ ನೆರಳಿನಲ್ಲಿರಲಿ.
• ಕುಂಡದ ತಳದಲ್ಲಿ ತೂತು ಇರಲೇಬೇಕು. ಕೆಂಪು ಮಣ್ಣು, ಮರಳು, ಚೆನ್ನಾಗಿ ಕಳಿತ ಗೊಬ್ಬರ ಸಮಪಾಲು ಬೆರೆಸಿದರೆ ನೀರು ನಿಲ್ಲುವುದಿಲ್ಲ.
• ದಪ್ಪ ಎಲೆಗಳಲ್ಲಿಯೇ ನೀರಿನ ದಾಸ್ತಾನು ಇರುತ್ತದೆ. ಬೆರಳಿಟ್ಟು ನೋಡಿ, ಮೇಲ್ಮಣ್ಣು ಒಣಗಿದ್ದರೆ ಮಾತ್ರ ನೀರು ಹಾಕಿ. ಈ ಗಿಡ ನೀರಿಲ್ಲದೆ ಸಾಯುವುದು ಕಡಿಮೆ, ನೀರು ಹೆಚ್ಚಾಗಿ ಬೇರು ಕೊಳೆತು ಸಾಯುವುದೇ ಹೆಚ್ಚು. ಜೋರು ಮಳೆಯಲ್ಲಿ ಕುಂಡವನ್ನು ಸೂರಿನ ಕೆಳಗೆ ಸರಿಸಿ.
• ಬೆಳಗಿನ ಬಿಸಿಲು ಒಳ್ಳೆಯದು. ಬೇಸಿಗೆಯ ಮಧ್ಯಾಹ್ನದ ಬಿಸಿಲಿಗೆ ಎಲೆ ಹಳದಿಯಾಗುತ್ತದೆ. ಪೂರ್ತಿ ನೆರಳಿನಲ್ಲಿಟ್ಟರೆ ಕಡ್ಡಿ ಉದ್ದಕ್ಕೆ ಸೊರಗಿ ಬೆಳೆಯುತ್ತದೆ.
• ಆಗಾಗ ಕುಡಿ ಚಿವುಟಿ. ಚಿವುಟಿದಷ್ಟೂ ಕವಲೊಡೆದು ಪೊದೆಯಾಗುತ್ತದೆ. ಕಿತ್ತ ಎಲೆ ತಂಬುಳಿಗೋ ಬಜ್ಜಿಗೋ ಆಯಿತು.
• ಗೆಣ್ಣಿನಲ್ಲಿ ಹತ್ತಿಯಂಥ ಬಿಳಿ ಹುಳು ಕಂಡರೆ ಅದು ಹಿಟ್ಟು ತಿಗಣೆ. ನೀರು ರಭಸವಾಗಿ ಬಿಟ್ಟು ತೊಳೆಯಿರಿ, ಹೆಚ್ಚು ಹತ್ತಿದ ಕೊಂಬೆಯನ್ನು ಕತ್ತರಿಸಿ ಎಸೆಯಿರಿ.

ಮನೆಯಲ್ಲಿ ನಾಯಿ, ಬೆಕ್ಕು ಇದ್ದರೆ ಕುಂಡ ಅವಕ್ಕೆ ಎಟುಕದಿರಲಿ. ಎಲೆ ತಿಂದರೆ ವಾಂತಿ, ಭೇದಿ ಆಗಬಹುದು.

ಸೊಳ್ಳೆ ಓಡುತ್ತದೆಯೇ?

ಸೊಳ್ಳೆಯ ಮೇಲೆ ಪ್ರಯೋಗ ನಡೆದಿರುವುದು ಎಲೆಯಿಂದ ಭಟ್ಟಿ ಇಳಿಸಿದ ಸಾಂದ್ರ ಎಣ್ಣೆ ಬಳಸಿ. ಕುಂಡದಲ್ಲಿ ಸುಮ್ಮನೆ ನಿಂತ ಗಿಡ ಅಷ್ಟು ಎಣ್ಣೆಯನ್ನು ಗಾಳಿಗೆ ಬಿಡುವುದಿಲ್ಲ. ಎಲೆಯನ್ನು ಕೈಯಲ್ಲಿ ಉಜ್ಜಿದಾಗಲೇ ವಾಸನೆ ಜೋರಾಗಿ ಬರುವುದು ನಿಮಗೂ ಗೊತ್ತು.

ಬದಲಿಗೆ ಒಂದು ಅಪಾಯವಿದೆ. ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರು ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಮೊಟ್ಟೆಯಿಡಲು ಹೇಳಿ ಮಾಡಿಸಿದ ಜಾಗ. ವಾರಕ್ಕೊಮ್ಮೆಯಾದರೂ ತಟ್ಟೆಯ ನೀರು ಚೆಲ್ಲಿ, ಉಜ್ಜಿ ತೊಳೆಯಿರಿ. ಮೊಟ್ಟೆಗಳು ತಟ್ಟೆಯ ಅಂಚಿಗೆ ಅಂಟಿಕೊಂಡಿರುತ್ತವೆ, ಒಣಗಿದರೂ ಸಾಯುವುದಿಲ್ಲ.

ಮಗುವಿಗೆ ರಸ ಕೊಡಬಹುದೇ?

ಎಲೆ ಬಾಡಿಸಿ ರಸ ಹಿಂಡಿ ಕೊಡುವುದು ನಮ್ಮಲ್ಲಿ ಹಳೆಯ ರೂಢಿ. ದೊಡ್ಡವರು ಅಡುಗೆಯಲ್ಲಿ ತಿನ್ನುವುದಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಆದರೆ 6 ತಿಂಗಳವರೆಗೆ ಮಗುವಿಗೆ ಎದೆಹಾಲು ಬಿಟ್ಟು ಬೇರೇನೂ ಬೇಡ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದು ವರ್ಷ ತುಂಬುವವರೆಗೆ ಜೇನುತುಪ್ಪವನ್ನು ನಾಲಿಗೆಗೂ ಮುಟ್ಟಿಸಬಾರದು. ಅದರಲ್ಲಿರಬಹುದಾದ ಬ್ಯಾಕ್ಟೀರಿಯಾದ ಬೀಜಾಣು ಹಸುಗೂಸಿನ ಕರುಳಿನಲ್ಲಿ ಬೆಳೆದು, ಸ್ನಾಯುಗಳನ್ನು ನಿಸ್ತೇಜಗೊಳಿಸುವ ಬೊಟುಲಿಸಂ ಎಂಬ ಕಾಯಿಲೆ ತರಬಲ್ಲದು.

ಇನ್ನೂ ಮುಖ್ಯವಾದದ್ದು, ಕೆಮ್ಮಿನ ಹಿಂದೆ ನ್ಯುಮೋನಿಯಾ ಇರಬಹುದು. ಮಗು ಅಳದೆ ಶಾಂತವಾಗಿದ್ದಾಗ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. 2 ತಿಂಗಳೊಳಗಿನ ಮಗುವಿಗೆ 60, ಒಂದು ವರ್ಷದೊಳಗೆ 50, ಅಲ್ಲಿಂದ 5 ವರ್ಷದವರೆಗೆ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ. ಉಸಿರೆಳೆಯುವಾಗ ಎದೆಯ ಕೆಳಭಾಗ ಒಳಕ್ಕೆ ಸೆಳೆದರೆ, ಮಗು ಹಾಲು ಕುಡಿಯದಿದ್ದರೆ ಎಣಿಸುತ್ತಾ ಕೂರಬೇಡಿ, ಕೂಡಲೇ ಹೊರಡಿ.

ಒಟ್ಟಿನಲ್ಲಿ

ದೊಡ್ಡಪತ್ರೆ ಮನೆಯಲ್ಲಿ ಇರಲಿ, ಬೆಳೆಸುವುದು ಸುಲಭ, ಅಡುಗೆಗೂ ರುಚಿ. ಆದರೆ ಅದು ಸೊಳ್ಳೆ ಪರದೆಯೂ ಅಲ್ಲ, ಮಕ್ಕಳ ವೈದ್ಯರೂ ಅಲ್ಲ. ಆ ಫಾರ್ವರ್ಡ್ ನಿಮ್ಮ ಗುಂಪಿಗೂ ಬಂದಿದ್ದರೆ, ಉಸಿರು ಎಣಿಸುವ ಲೆಕ್ಕವನ್ನು ಅದರ ಕೆಳಗೆ ಹಾಕಿ. ಒಂದು ಮಗುವಿಗೆ ಸಕಾಲದಲ್ಲಿ ಚಿಕಿತ್ಸೆ ಸಿಕ್ಕರೂ ಅದು ಸಾರ್ಥಕ.