ಹೊಟ್ಟಿನ ಒಲೆ ಮತ್ತು ಗಾಳಿಯ ಕೊಳವೆ

ಒಂದೆರಡು ತಲೆಮಾರಿನ ಹಿಂದೆ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಹೊಟ್ಟಿನ ಒಲೆ ಇರುತ್ತಿತ್ತು. ತಗಡಿನ ಡಬ್ಬದ ನಡುವೆ ಸೀಸೆಯೊಂದನ್ನು ನಿಲ್ಲಿಸಿ, ಸುತ್ತಲೂ ಮರದ ಹೊಟ್ಟನ್ನು ಗಟ್ಟಿಯಾಗಿ ಒತ್ತಿ, ಸೀಸೆಯನ್ನು ಮೆಲ್ಲಗೆ ತಿರುಗಿಸಿ ಎಳೆದರೆ ಒಲೆ ಸಿದ್ಧ. ಕೆಳಗಿನ ತೂತಿನಲ್ಲಿ ಬೆಂಕಿ ಇಟ್ಟರೆ ಗಂಟೆಗಟ್ಟಲೆ ನಿಧಾನವಾಗಿ ಉರಿಯುತ್ತಿತ್ತು, ಹಂಡೆಯ ನೀರು ಕಾಯುತ್ತಿತ್ತು. ಸಾಮಿಲ್ಲಿನಿಂದ ಚೀಲದಲ್ಲಿ ಹೊಟ್ಟು ಹೊತ್ತು ತರುವುದು ಮನೆಯ ಹುಡುಗರ ಕೆಲಸ. ಇಷ್ಟು ಸಾಧುವಾದ ವಸ್ತು ಅಪಾಯಕಾರಿ ಎಂದರೆ ಯಾರೂ ನಂಬುತ್ತಿರಲಿಲ್ಲ.

ಆದರೆ ಅದೇ ಹೊಟ್ಟು ಇನ್ನಷ್ಟು ನುಣ್ಣಗಾಗಿ, ಚೆನ್ನಾಗಿ ಒಣಗಿ, ಒತ್ತಿ ಕೂರುವ ಬದಲು ಗಾಳಿಯಲ್ಲಿ ತೇಲಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಉರಿದು ಕಟ್ಟಡವನ್ನೇ ಕೆಡವಬಲ್ಲದು. ಉರಿಯದೆ ಹೋದರೆ ಮೂಗಿನೊಳಗೆ ಕೂತು ಎಷ್ಟೋ ವರ್ಷಗಳ ಮೇಲೆ ಲೆಕ್ಕ ಕೇಳಬಲ್ಲದು. ಈ ಎರಡು ಸತ್ಯಗಳನ್ನು ಅರಿಯಲು ಮನುಷ್ಯನಿಗೆ ಸುಮಾರು 200 ವರ್ಷ ಬೇಕಾಯಿತು. ಆ ಕಥೆಯ ಒಂದು ಎಳೆ ಮದರಾಸಿನ ಮೂಲಕ ಹಾದುಹೋಗುತ್ತದೆ.

ಮದರಾಸು ಬಹಳ ಹಿಂದಿನಿಂದಲೂ ಗಾಡಿ ಕಟ್ಟುವವರ ಊರು. 1840ರಲ್ಲಿ ಶುರುವಾದ ಸಿಂಪ್ಸನ್ ಕಂಪನಿ ಕುದುರೆ ಸಾರೋಟುಗಳನ್ನು ಕಟ್ಟುತ್ತಿತ್ತು. 1856ರ ಜುಲೈ 1ರಂದು ರಾಯಪುರಂನಿಂದ ವಾಲಾಜಾ ರೋಡಿನವರೆಗೆ ದಕ್ಷಿಣ ಭಾರತದ ಮೊದಲ ರೈಲು ಓಡಿತು. ಪೆರಂಬೂರಿನಲ್ಲಿ ಮದರಾಸ್ ರೈಲ್ವೆಯ ಕಾರ್ಖಾನೆ ತಲೆಯೆತ್ತಿದ್ದೂ ಆ ಕಾಲದಲ್ಲೇ. ಅಂದಿನ ರೈಲು ಡಬ್ಬಿ ಎಂದರೆ ಕಬ್ಬಿಣದ ಚಕ್ರಗಳ ಮೇಲೆ ಕೂತ ಮರದ ಮನೆ: ಚೌಕಟ್ಟು, ಗೋಡೆ, ಬೆಂಚು, ಕಿಟಕಿಯ ಅಡ್ಡಪಟ್ಟಿ ಎಲ್ಲವೂ ಮರ. ಬರ್ಮಾದ ತೇಗ ಹಡಗಿನಲ್ಲಿ ಬರುತ್ತಿತ್ತು.

ಯಂತ್ರ ಬರುವ ಮೊದಲು ದಿಮ್ಮಿ ಸೀಳುತ್ತಿದ್ದವರು ಇಬ್ಬರು. ಒಬ್ಬ ದಿಮ್ಮಿಯ ಮೇಲೆ, ಇನ್ನೊಬ್ಬ ಕೆಳಗೆ. ಕೆಳಗಿನವನ ತಲೆ, ಕಣ್ಣು, ಬಾಯಿಯ ಮೇಲೆ ದಿನವಿಡೀ ಹೊಟ್ಟು ಸುರಿಯುತ್ತಿತ್ತು. ಆದರೂ ಕೈಗರಗಸದ ಹೊಟ್ಟು ದಪ್ಪ. ಬಹುಪಾಲು ನೆಲಕ್ಕೆ ಬೀಳುತ್ತದೆ. ಹತ್ತರಿಯಿಂದ ಬರುವುದು ಸುರುಳಿ, ಅದು ತೇಲುವುದೇ ಇಲ್ಲ. ಉಗಿಯಂತ್ರದಿಂದ ತಿರುಗುವ ವೃತ್ತಗರಗಸವೂ ಆಮೇಲೆ ಬಂದ ಸ್ಯಾಂಡಿಂಗ್ ಯಂತ್ರವೂ ಈ ಲೆಕ್ಕವನ್ನೇ ಬದಲಿಸಿದವು. ಈಗ ಹುಟ್ಟುವ ಹುಡಿಯಲ್ಲಿ ಒಂದು ಪಾಲು ಕಣ್ಣಿಗೆ ಕಾಣದಷ್ಟು ಸಣ್ಣದು, ಗಂಟೆಗಟ್ಟಲೆ ಕೆಳಗಿಳಿಯದೆ ಗಾಳಿಯಲ್ಲೇ ಉಳಿಯುತ್ತದೆ.

ಹುಡಿಯನ್ನು ಗಾಳಿಯಿಂದಲೇ ಹಿಡಿಯುವ ಉಪಾಯವನ್ನು ಬಳಕೆಗೆ ತಂದವರಲ್ಲಿ ಮುಖ್ಯನಾದವನು ಬೂಟು ಹೊಲಿಯುವ ಕಸುಬಿನಿಂದ ಬಂದವನು. ಅಮೆರಿಕದ ಬೆಂಜಮಿನ್ ಸ್ಟರ್ಟೆವೆಂಟ್ 1860ರ ದಶಕದಲ್ಲಿ ಬಾಸ್ಟನ್ನಿನ ಬೂಟು ಕಾರ್ಖಾನೆಗಳ ಉಜ್ಜುಚಕ್ರಗಳಿಂದ ಏಳುವ ದೂಳನ್ನು ಎಳೆದು ಹೊರಗೆ ಹಾಕುವ ಫ್ಯಾನ್ ಮಾಡಿದ. ಅಲ್ಲಿಂದ ಮುಂದೆ ಬ್ಲೋವರ್ ತಯಾರಿಕೆಯೇ ಅವನ ದೊಡ್ಡ ಉದ್ಯಮವಾಯಿತು. ಎಳೆದ ದೂಳನ್ನು ಗಾಳಿಯಿಂದ ಬೇರ್ಪಡಿಸುವುದು ಹೇಗೆ? ಅದಕ್ಕೆ ಉತ್ತರವಾಗಿ 1885ರಲ್ಲಿ ಜಾನ್ ಫಿಂಚ್ ಎಂಬಾತನ ಹೆಸರಿನಲ್ಲಿ ಸೈಕ್ಲೋನಿನ ಪೇಟೆಂಟ್ ದಾಖಲಾಯಿತು. ಮೇಲೆ ಅಗಲ, ಕೆಳಗೆ ಕಿರಿದಾದ ಲಾಳಿಕೆಯಾಕಾರದ ತಗಡಿನ ಪಾತ್ರೆಯೊಳಗೆ ಗಾಳಿ ಸುಳಿಯಂತೆ ಸುತ್ತುತ್ತದೆ. ಭಾರದ ಹೊಟ್ಟು ಗೋಡೆಗೆ ತಾಗಿ ಕೆಳಗಿಳಿಯುತ್ತದೆ, ಹಗುರಾದ ಗಾಳಿ ನಡುವಿನಿಂದ ಮೇಲೇರಿ ಹೊರಹೋಗುತ್ತದೆ. ಒಳಗೆ ತಿರುಗುವ ಭಾಗ ಒಂದೂ ಇಲ್ಲ. ಇಂದಿಗೂ ಸಾಮಿಲ್ಲುಗಳ ಮೇಲೆ ಕಾಣುವುದು ಇದೇ ಆಕಾರ. ಆದರೆ ಅತಿ ಸಣ್ಣ ಹುಡಿ ಸೈಕ್ಲೋನಿಗೂ ಸಿಗುವುದಿಲ್ಲ. ಅದು ಗಾಳಿಯೊಂದಿಗೇ ಹೋಗಿಬಿಡುತ್ತದೆ. ಅದನ್ನು ಹಿಡಿಯಲು ಬಟ್ಟೆಯ ಚೀಲ ಬೇಕು.

ಮೊದಮೊದಲು ಈ ಯಂತ್ರಗಳ ಉದ್ದೇಶ ಕಾರ್ಮಿಕರ ಆರೋಗ್ಯಕ್ಕಿಂತ ಹೆಚ್ಚಾಗಿ ಕೆಲಸದ ಅನುಕೂಲವಾಗಿತ್ತು. ಹೊಟ್ಟು ರಾಶಿಯಾದರೆ ಯಂತ್ರ ನಿಲ್ಲುತ್ತದೆ, ಗುಡಿಸಲು ಆಳು ಬೇಕು, ಜೊತೆಗೆ ಬೆಂಕಿಯ ಭಯ. ಆ ಭಯ ಹಳೆಯದು. 1785ರ ಡಿಸೆಂಬರಿನಲ್ಲಿ ಇಟಲಿಯ ಟೂರಿನ್ನಿನ ಬೇಕರಿಯೊಂದರಲ್ಲಿ ಹಿಟ್ಟಿನ ದೂಳು ದೀಪಕ್ಕೆ ತಾಗಿ ಸ್ಫೋಟಿಸಿದ್ದನ್ನು ಕೌಂಟ್ ಮೊರೊಝೊ ವಿವರವಾಗಿ ಬರೆದಿಟ್ಟ. 1878ರಲ್ಲಿ ಮಿನಿಯಾಪೊಲಿಸ್ಸಿನ ವಾಶ್‌ಬರ್ನ್ ಹಿಟ್ಟಿನ ಗಿರಣಿ ಸಿಡಿದು 18 ಜನ ಸತ್ತರು. ಮರದ ಹುಡಿಯ ಗುಣವೂ ಇದೇ. 2012ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಮೂರೇ ತಿಂಗಳ ಅಂತರದಲ್ಲಿ ಎರಡು ಸಾಮಿಲ್ಲುಗಳು ಸ್ಫೋಟಗೊಂಡು ನಾಲ್ವರು ಸತ್ತರು, ಹಲವರು ಸುಟ್ಟುಕೊಂಡರು. 2015ರಲ್ಲಿ ಇಂಗ್ಲೆಂಡಿನ ಬಾಸ್ಲಿಯ ಮರದ ಹಿಟ್ಟಿನ ಗಿರಣಿಯಲ್ಲಿ ಮತ್ತೆ ನಾಲ್ವರು.

ಇಂಥ ಅವಘಡಗಳಲ್ಲಿ ಪದೇ ಪದೇ ಕಂಡ ಒಂದು ಕ್ರಮವಿದೆ. ಮೊದಲ ಸ್ಫೋಟ ಚಿಕ್ಕದು. ಯಂತ್ರದೊಳಗೋ ಕೊಳವೆಯೊಳಗೋ ಆಗುತ್ತದೆ. ಅದರ ಅದುರಿಗೆ ತೊಲೆ, ಜಂತಿ, ದೀಪದ ಕವಚಗಳ ಮೇಲೆ ತಿಂಗಳುಗಟ್ಟಲೆ ಕೂತಿದ್ದ ಹುಡಿ ಒಮ್ಮೆಲೇ ಏಳುತ್ತದೆ. ಕೊಲ್ಲುವುದು ಎರಡನೆಯ ಸ್ಫೋಟ. ಒಂದು ಮಿಲಿಮೀಟರಿಗಿಂತ ತೆಳುವಾದ ಪದರವೂ ಅದಕ್ಕೆ ಸಾಕು. ಕಣ್ಣೆತ್ತರದ ಕೆಳಗೆ ಎಷ್ಟು ಗುಡಿಸಿದರೂ ತಲೆಯ ಮೇಲೆ ನೋಡದವನ ಅಂಗಡಿ ಚೊಕ್ಕಟವಲ್ಲ ಎನ್ನುವುದು ಇದಕ್ಕೇ.

ಎರಡನೆಯ ಸತ್ಯ ತಿಳಿದದ್ದು ಇಂಗ್ಲೆಂಡಿನ ಹೈ ವೈಕಂಬ್ ಎಂಬ ಕುರ್ಚಿಗಳ ಊರಿನಲ್ಲಿ. ಅಲ್ಲಿನ ಕಿವಿ-ಮೂಗು-ಗಂಟಲು ವೈದ್ಯೆ ಎಸ್ಮೆ ಹ್ಯಾಡ್‌ಫೀಲ್ಡ್ ಮತ್ತು ಆಕ್ಸ್‌ಫರ್ಡಿನ ರೊನಾಲ್ಡ್ ಮ್ಯಾಕ್‌ಬೆತ್, ಬೇರೆಡೆ ತೀರಾ ಅಪರೂಪವಾದ ಮೂಗಿನ ಕ್ಯಾನ್ಸರ್ ಒಂದು ಪೀಠೋಪಕರಣ ಮಾಡುವವರಲ್ಲಿ ಮತ್ತೆ ಮತ್ತೆ ಬರುತ್ತಿರುವುದನ್ನು ಗಮನಿಸಿದರು. ಡೊನಾಲ್ಡ್ ಅಚೆಸನ್ ಲೆಕ್ಕ ಹಾಕಿದರು. 1968ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಫಲಿತಾಂಶ ಬಂತು. ರೋಗಕ್ಕೆ ಕಾರಣ ಬಣ್ಣವಲ್ಲ, ಪಾಲಿಶ್ ಅಲ್ಲ, ಗಟ್ಟಿ ಮರದ ಹುಡಿ ಎಂಬ ಕಡೆಗೆ ಸಾಕ್ಷ್ಯ ಬೆಟ್ಟುಮಾಡಿತು. ಹುಡಿ ಕುಡಿದ ದಿನಕ್ಕೂ ರೋಗ ಕಂಡ ದಿನಕ್ಕೂ ನಡುವೆ ದಶಕಗಳು. 1995ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಮರದ ಹುಡಿಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ತೇಗ, ಬೀಟೆಯ ಹುಡಿಯಿಂದ ಬರುವ ಚರ್ಮದ ತುರಿ, ಕೆಲವು ಮರಗಳಿಂದ ಬರುವ ಉಬ್ಬಸ ಬಡಗಿಗಳಿಗೆ ಮೊದಲಿನಿಂದಲೂ ಗೊತ್ತಿದ್ದದ್ದೇ.

ಭಾರತದ ಕಾನೂನು ವೈದ್ಯರಿಗಾಗಿ ಕಾಯಲಿಲ್ಲ. 1948ರ ಕಾರ್ಖಾನೆ ಕಾಯ್ದೆಯ 14ನೇ ಕಲಂ, ಉಸಿರಿಗೆ ಕೆಡುಕಾಗುವ ಅಥವಾ ಬಹಳ ಪ್ರಮಾಣದಲ್ಲಿ ಏಳುವ ಯಾವುದೇ ದೂಳನ್ನು ತಡೆಯಬೇಕು ಎಂದಿತು. ಹೀರುವ ಸಾಧನ ಬೇಕಾದರೆ ಅದನ್ನು ದೂಳು ಹುಟ್ಟುವ ಜಾಗಕ್ಕೆ ಆದಷ್ಟು ಹತ್ತಿರ ಇಡಬೇಕು, ಆ ಜಾಗವನ್ನು ಆದಷ್ಟು ಮುಚ್ಚಬೇಕು ಎಂದಿತು. 37ನೇ ಕಲಂ ಸ್ಫೋಟಕ್ಕೆ ಸಂಬಂಧಿಸಿದ್ದು: ಯಂತ್ರವನ್ನು ಮುಚ್ಚಿಡು, ದೂಳು ಕೂರಲು ಬಿಡಬೇಡ, ಕಿಡಿಯನ್ನು ದೂರವಿಡು. ಆಗ ಮಂಗಳೂರು, ಬಳ್ಳಾರಿ ಎರಡೂ ಮದರಾಸು ಪ್ರಾಂತ್ಯದಲ್ಲಿದ್ದವು. ಆದ್ದರಿಂದ ಮದರಾಸಿನಲ್ಲಿ ಬರೆದ 1950ರ ನಿಯಮಗಳು ಕನ್ನಡ ನಾಡಿನ ಆ ಭಾಗದ ಕಾರ್ಖಾನೆಗಳಿಗೂ ಅನ್ವಯಿಸಿದವು.

1955ರ ಅಕ್ಟೋಬರ್ 2ರಂದು ಪೆರಂಬೂರಿನಲ್ಲಿ ನೆಹರೂ ಇಂಟಿಗ್ರಲ್ ಕೋಚ್ ಫ್ಯಾಕ್ಟರಿಯನ್ನು ಉದ್ಘಾಟಿಸಿದರು. ಸ್ವಿಟ್ಜರ್ಲೆಂಡಿನ ಸಹಯೋಗದ ಈ ಕಾರ್ಖಾನೆ ಡಬ್ಬಿಯ ಹೊರಮೈಯನ್ನು ಮರದಿಂದ ಉಕ್ಕಿಗೆ ತಂದಿತು. ಒಳಗಿನ ಸಜ್ಜಿಕೆಯ ವಿಭಾಗ 1962ರಲ್ಲಿ ಶುರುವಾಯಿತು. ಮೂರನೇ ದರ್ಜೆಯ ಮರದ ಬೆಂಚು, ಪ್ಲೈವುಡ್ ಹಲಗೆಗಳ ಕಾಲ ಅದು. ದೊಡ್ಡ ಕಾರ್ಖಾನೆಗೆ ಎಂಜಿನಿಯರುಗಳಿರುತ್ತಾರೆ, ತಪಾಸಣೆಗೆ ಅಧಿಕಾರಿ ಬರುತ್ತಾನೆ. ಆದರೆ 1948ರ ಆ ಕಾಯ್ದೆಯ ಪ್ರಕಾರ ವಿದ್ಯುತ್ ಬಳಸುವ ಕಡೆ 10 ಜನ ದುಡಿದರೆ ಮಾತ್ರ ಅದು ಕಾರ್ಖಾನೆ ಎನಿಸುತ್ತಿತ್ತು. ಚೆನ್ನೈಯ ಗಲ್ಲಿಗಳಲ್ಲಿ, ಹಾಗೆಯೇ ಬೆಂಗಳೂರು, ಹುಬ್ಬಳ್ಳಿಯಲ್ಲಿ, ನಾಲ್ಕೈದು ಜನ ಸೇರಿ ಬಾಗಿಲು-ಮಂಚ ಮಾಡುವ ಎಷ್ಟೋ ಅಂಗಡಿಗಳು ಈ ಗೆರೆಯ ಹೊರಗೇ ಉಳಿದವು.

ಈಗ ಅಂಥ ಅಂಗಡಿಗಳಿಗೂ ಮೋಟಾರು, ಫ್ಯಾನು, ಎರಡು ಚೀಲದ ಡಸ್ಟ್ ಕಲೆಕ್ಟರ್ ಬಂದಿದೆ. ತಂದಿಟ್ಟ ಮಾತ್ರಕ್ಕೆ ಅದು ಕೆಲಸ ಮಾಡುವುದಿಲ್ಲ. ಉರಿಯುವ ದೀಪವನ್ನು ದೂರದಿಂದ ಊದಿ ಆರಿಸಬಹುದು, ಉಸಿರೆಳೆದು ಆರಿಸಲಾಗದು. ಹೀರುವ ಕೊಳವೆಯ ಬಾಯಿಂದ ಅದರ ಅಗಲದಷ್ಟು ದೂರ ಹೋದರೆ ಸೆಳೆತ ಹತ್ತರಲ್ಲೊಂದು ಪಾಲಿಗೆ ಇಳಿದಿರುತ್ತದೆ. 14ನೇ ಕಲಮಿನ ‘ಆದಷ್ಟು ಹತ್ತಿರ’ ಎಂಬ ಮಾತಿನ ಹಿಂದಿರುವ ಭೌತಶಾಸ್ತ್ರ ಇಷ್ಟೇ. ಕೊಳವೆಯೊಳಗೆ ಗಾಳಿ ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಹರಿಯಬೇಕು. ಇಲ್ಲವಾದರೆ ಹೊಟ್ಟು ದಾರಿಯಲ್ಲೇ ಕೂತು ಗಂಟಲು ಕಟ್ಟುತ್ತದೆ. ಒಂದೇ ಫ್ಯಾನಿಗೆ ಐದು ಯಂತ್ರ ಜೋಡಿಸಿ ಎಲ್ಲ ಬಾಯಿಗಳನ್ನೂ ತೆರೆದಿಟ್ಟರೆ ಯಾವುದಕ್ಕೂ ಸೆಳೆತ ಸಾಲದು.

ಚೆನ್ನೈಯ ತೇವದ ಗಾಳಿಯಲ್ಲಿ ಹುಡಿ ಬಟ್ಟೆಗೆ ಮೆತ್ತಿಕೊಳ್ಳುತ್ತದೆ. ಚೀಲವನ್ನು ಕೊಡವದಿದ್ದರೆ ಯಂತ್ರದ ಸದ್ದು ಮಾತ್ರ ಉಳಿಯುತ್ತದೆ. ಕೆಡವಿದ ಮನೆಗಳ ಹಳೆಯ ತೇಗದಲ್ಲಿ ಮೊಳೆ ಅಡಗಿರುತ್ತದೆ. ಗರಗಸಕ್ಕೆ ತಾಗಿ ಹಾರಿದ ಕಿಡಿಯನ್ನು ಕೊಳವೆ ನೇರವಾಗಿ ಒಣಹುಡಿಯ ಚೀಲಕ್ಕೆ ಒಯ್ಯುತ್ತದೆ. ಆದ್ದರಿಂದ ಮರವನ್ನು ಮೊದಲು ಪರೀಕ್ಷಿಸಬೇಕು. ಕಬ್ಬಿಣ ಉಜ್ಜುವ ಚಕ್ರವನ್ನು ಅದೇ ಕೊಳವೆಗೆ ಸೇರಿಸಬಾರದು. ಕೊಳವೆಗಳಿಗೆ ಅರ್ಥಿಂಗ್ ಬೇಕು. ಸಂಜೆ ಬಾಗಿಲು ಹಾಕುವ ಮುನ್ನ ಚೀಲ ಖಾಲಿಯಾಗಬೇಕು. ಅಗಸೆ ಎಣ್ಣೆ ಒರೆಸಿದ ಬಟ್ಟೆ ತಾನಾಗಿಯೇ ಕಾದು ಹೊತ್ತಿಕೊಳ್ಳಬಲ್ಲದಾದ್ದರಿಂದ ಅದನ್ನು ಹೊಟ್ಟಿನ ಹತ್ತಿರ ಬಿಡಬಾರದು. ಕಟ್ಟಿಕೊಂಡ ಕೊಳವೆಗೆ ಕೈ ಹಾಕುವ ಮೊದಲು ಸ್ವಿಚ್ ಆರಿಸಿದರೆ ಸಾಲದು, ಬೇರೆ ಯಾರೂ ಅದನ್ನು ಹಾಕದಂತೆ ಬೀಗ ಹಾಕಬೇಕು. ಕಂಪ್ರೆಸರ್ ಗಾಳಿ ಊದಿ ಮೇಜು ಚೊಕ್ಕಟ ಮಾಡುವುದೆಂದರೆ ನೆಲದ ಹುಡಿಯನ್ನು ಮೂಗಿಗೆ ಏರಿಸುವುದು.

ಚೀಲ ಬಿಚ್ಚುವ ಗಳಿಗೆಯೇ ಅತ್ಯಂತ ಕೆಟ್ಟದ್ದು. ದಿನವೆಲ್ಲ ಹಿಡಿದ ಅತಿ ಸಣ್ಣ ಹುಡಿ ಒಂದೇ ಸಲ ಮುಖಕ್ಕೆ ಬರುತ್ತದೆ. ಆ ಕೆಲಸ ಸಾಮಾನ್ಯವಾಗಿ ಬೀಳುವುದು ಅಂಗಡಿಯ ಅತಿ ಕಿರಿಯ ಹುಡುಗನಿಗೆ, ಬಾಯಿಗೆ ಒಂದು ಕರ್ಚೀಫು ಕಟ್ಟಿಕೊಂಡು. ಮೂಗಿಗೆ ಸರಿಯಾಗಿ ಕೂರುವ ಒಳ್ಳೆಯ ಮಾಸ್ಕಿನ ಖರ್ಚು ದೊಡ್ಡದಲ್ಲ. ಆ ಹುಡುಗನಿಗೆ ಇನ್ನೂ 40 ವರ್ಷ ಮರದೊಡನೆ ಬದುಕುವುದಿದೆ. ದಿಮ್ಮಿಯ ಕೆಳಗೆ ನಿಂತು ಗರಗಸ ಎಳೆಯುತ್ತಿದ್ದವನ ಜಾಗದಲ್ಲಿ ಈಗ ಅವನು ನಿಂತಿದ್ದಾನೆ, ಅಷ್ಟೇ ವ್ಯತ್ಯಾಸ.