ಒಂದು ಪದ ಹೇಳು

ಅಂಕೋಲೆಯ ಮಗುವಿಗೆ ‘ಒಂದು ಪದ ಹೇಳು’ ಅಂದರೆ ಅದು ಏನು ಮಾಡಬೇಕು? ಶಾಲೆಯಲ್ಲಾದರೆ ‘ದೋಣಿ’ ಎಂದೋ ‘ಬಲೆ’ ಎಂದೋ ಹೇಳಿ ಕುಳಿತುಕೊಳ್ಳಬೇಕು. ಮನೆಯ ಜಗಲಿಯಲ್ಲಾದರೆ ಹಾಡಬೇಕು! ಅಪ್ಪಣೆ ಒಂದೇ, ಅರ್ಥ ಎರಡು. ನಮ್ಮ ಕಡೆ ಹಾಡನ್ನೂ ‘ಹೇಳುವುದೇ’ ವಾಡಿಕೆಯಾದ್ದರಿಂದ ಕ್ರಿಯಾಪದವೂ ಮಗುವಿನ ನೆರವಿಗೆ ಬರುವುದಿಲ್ಲ.

ಯಕ್ಷಗಾನದ ಭಾಗವತರು ಹೇಳುವುದು ಪದ. ಸುಗ್ಗಿಯಲ್ಲಿ ಗುಮಟೆ ಬಡಿದು ಹೇಳುವುದೂ ಪದ. ಕಾರವಾರದ ಕೊಂಕಣಿ ಮನೆಗಳಿಂದ ಬರುವ ಮಕ್ಕಳಿಗೂ ಇದು ಹೊಸದಲ್ಲ. ಕೊಂಕಣಿಯಲ್ಲೂ ಪದ ಎಂದರೆ ಹಾಡೇ. ಒಂದನೇ ತರಗತಿಯಲ್ಲಿ ಕನ್ನಡದ ಎಷ್ಟೋ ಮಾತು ಅಪರಿಚಿತವೆನಿಸುವ ಆ ಮಕ್ಕಳಿಗೆ ಗುರುತಿನ ಮುಖ ಸಿಕ್ಕಂತೆ ಇದೊಂದು ಸಿಗುತ್ತದೆ. ಆದರೆ ಪಾಠದ ಕೊನೆಯಲ್ಲಿ ‘ಪದಗಳ ಅರ್ಥ’ ಎಂಬ ತಲೆಬರಹದ ಕೆಳಗೆ ನೋಡಿದರೆ ಅಲ್ಲಿ ಹಾಡೇ ಇಲ್ಲ.

ಪದ ಎಂದರೆ ಮೊದಲಿಗೆ ಕಾಲು, ಹೆಜ್ಜೆ. ಮೂರು ಸಾಲಿನಲ್ಲಿ ನಡೆಯುವುದು ತ್ರಿಪದಿ, ಆರು ಸಾಲಿನಲ್ಲಿ ನಡೆಯುವುದು ಷಟ್ಪದಿ. ಆರು ಕಾಲಿನ ದುಂಬಿಗೂ ಷಟ್ಪದವೆಂದೇ ಹೆಸರು. ಇದನ್ನು ಮಕ್ಕಳಿಗೆ ಒಮ್ಮೆ ಹೇಳಿದರೆ ಸಾಕು, ಛಂದಸ್ಸಿನ ಹೆದರಿಕೆ ಅರ್ಧ ಇಳಿಯುತ್ತದೆ. ನಾಲ್ಕು ಕಾಲಿನದಕ್ಕೆ ನಾವು ದೂರ ಹೋಗಬೇಕಿಲ್ಲ. ಅಂಕೋಲೆ ಸೀಮೆಯ ದಿನಕರ ದೇಸಾಯಿ (1909–1982) ತಮ್ಮ ಚುಟುಕಗಳನ್ನು ಚೌಪದಿ ಎಂದು ಕರೆದರು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿ ಜಿಲ್ಲೆಗೆ ಶಾಲೆಗಳನ್ನು ಕೊಟ್ಟವರೂ ಅವರೇ, ಗಡಿಯಾರವನ್ನು ಮಾತಾಡಿಸುವ ಶಿಶುಗೀತೆ ಬರೆದವರೂ ಅವರೇ. ಆ ಗೀತೆಯನ್ನು ಬಾಯಿಪಾಠ ಮಾಡಿದ ಎಷ್ಟೋ ಮಕ್ಕಳಿಗೆ ‘ಪ್ರಾಸ’ ಎಂಬ ಮಾತು ಗೊತ್ತಿರಲಿಲ್ಲ. ಪ್ರಾಸ ಮಾತ್ರ ಗೊತ್ತಿತ್ತು.

ಅದೇ ಅಂಕೋಲೆಯ ಬಡಗೇರಿಯಲ್ಲಿ ಹಾಲಕ್ಕಿ ಒಕ್ಕಲಿಗರ ಸುಕ್ರಿ ಬೊಮ್ಮಗೌಡ ಇದ್ದರು. ಬಾಲ್ಯದಲ್ಲಿ ಶಾಲೆಗೆ ಹೋದವರಲ್ಲ. ಪದಗಳನ್ನು ಮಾತ್ರ ಲೆಕ್ಕವಿಲ್ಲದಷ್ಟು ನೆನಪಿನಲ್ಲಿಟ್ಟುಕೊಂಡವರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. 2025ರಲ್ಲಿ ಸುಕ್ರಜ್ಜಿ ತೀರಿಕೊಂಡರು. ಶಾಲೆಯ ಅರ್ಥದ ಪದಗಳನ್ನು ಬಾಲ್ಯದಲ್ಲಿ ಓದದವರು, ಊರಿನ ಅರ್ಥದಲ್ಲಿ ಪದಗಳ ಕಣಜವೇ ಆಗಿದ್ದರು. ಆ ಕಣಜದಲ್ಲಿ ಒಂದೊಂದು ಶಬ್ದಕ್ಕೂ ಬೇರೆ ಅರ್ಥಕೋಶ ಬೇಕಿರಲಿಲ್ಲ. ನಾಟಿ, ಮದುವೆ, ತೊಟ್ಟಿಲು, ಯಾವ ಹೊತ್ತಿನ ಹಾಡೋ ಆ ಹೊತ್ತೇ ಅರ್ಥ ಹೇಳುತ್ತಿತ್ತು.

ಪದ ಮತ್ತು ಅರ್ಥ ಕೂಡಿದರೆ ಪದಾರ್ಥ, ಅಂದರೆ ಕಣ್ಣಿಗೆ ಕಾಣುವ, ಕೈಗೆ ಸಿಗುವ ವಸ್ತು. ವ್ಯಾಕರಣದ ಈ ಸಂಧಿ ಮಕ್ಕಳ ಓದಿಗೂ ಸಲ್ಲುತ್ತದೆ. ‘ಅಳಿವೆ’ ಎಂಬ ಪದಕ್ಕೆ ‘ನದಿ ಸಮುದ್ರ ಸೇರುವ ಸ್ಥಳ’ ಎಂದು ಹತ್ತು ಸಲ ಬರೆಸುವ ಬದಲು, ಕಾಳಿ ನದಿ ಸಮುದ್ರ ಸೇರುವ ಕಾರವಾರದಲ್ಲಿ ಒಂದು ಸಂಜೆ ತೋರಿಸಿದರಾಯಿತು.

ಓದಿಗೆ ಶಬ್ದಸಂಪತ್ತು ಬೇಡವೆಂದಲ್ಲ. ಗದ್ಯ, ಪದ್ಯ, ಕವಿ, ಪ್ರಾಸ, ಪಾತ್ರ ಎಲ್ಲವೂ ಮಕ್ಕಳಿಗೆ ಬೇಕು. ಆದರೆ ಅವು ಮಗು ಆಗಲೇ ಬಲ್ಲದ್ದಕ್ಕೆ ಇಟ್ಟ ಹೆಸರಾಗಿ ಬರಬೇಕು.

ಅಕ್ಕೋರೇ, ಮಾಸ್ತರೇ, ನಾಳೆ ನೀವು ‘ಒಂದು ಪದ ಹೇಳು’ ಎಂದಾಗ ಯಾವುದಾದರೂ ಮಗು ಎದ್ದು ಹಾಡತೊಡಗಿದರೆ ತಪ್ಪೆನ್ನಬೇಡಿ. ಮುಗಿಯುವವರೆಗೆ ಕೇಳಿ, ಆಮೇಲೆ ಆ ಪದದಿಂದಲೇ ಒಂದು ಪದ ಆರಿಸಿ ಬೋರ್ಡಿನ ಮೇಲೆ ಬರೆಯಿರಿ.