5 ಸೆಂಟ್ಸ್, 25 ಅಡಿ ಅಗಲ: ಉದ್ದ ಜಾಗದಲ್ಲಿ ಮನೆ ಪ್ಲಾನ್ ಮಾಡುವ ಮುಂಚೆ ತಿಳಿದಿರಬೇಕಾದ್ದು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಈಗ ಮನೆ ಕಟ್ಟುವವರಲ್ಲಿ ಹೆಚ್ಚಿನವರ ಕೈಯಲ್ಲಿರುವುದು 5 ಸೆಂಟ್ಸ್, ಹೆಚ್ಚೆಂದರೆ 8 ಸೆಂಟ್ಸ್. ಅದೂ ಚೌಕ ಜಾಗ ಅಲ್ಲ. ಅಪ್ಪನ ಜಾಗ ಅಣ್ಣ-ತಮ್ಮಂದಿರಿಗೆ ಪಾಲಾಗುವಾಗ ಎಲ್ಲರಿಗೂ ರಸ್ತೆ ಸಿಗಬೇಕು ಅಂತ ಉದ್ದುದ್ದ ಸೀಳುತ್ತಾರೆ. ಸಿಗುವುದು 25 ಅಡಿ ಅಗಲದ ಪಟ್ಟಿ. ಅದರಲ್ಲಿ ಮನೆ ಆಗ್ತದಾ? ಆಗ್ತದೆ. ಆದರೆ ರೂಮು ಎಷ್ಟು ಬೇಕು ಅನ್ನುವುದರಿಂದ ಶುರು ಮಾಡಬಾರದು. ನೀರು ಎಲ್ಲಿಂದ ಬರ್ತದೆ, ಎಲ್ಲಿಗೆ ಹೋಗ್ತದೆ ಅನ್ನುವುದು ಮೊದಲು. ರೂಮು ಆಮೇಲೆ.

ಪಾಲುಪತ್ರ ಆಗುವ ಮೊದಲೇ

ಇನ್ನೂ ಪಾಲು ಆಗಿಲ್ಲ ಅಂತಾದರೆ ಒಂದು ಲೆಕ್ಕ ನೋಡಿ. 50 ಅಡಿ ಅಗಲ, 87 ಅಡಿ ಉದ್ದ ಅಂದರೆ 10 ಸೆಂಟ್ಸ್. ಉದ್ದಕ್ಕೆ ಸೀಳಿದರೆ ಇಬ್ಬರಿಗೂ 25 ಅಡಿಯ ಪಟ್ಟಿ. ಅಡ್ಡಕ್ಕೆ ಸೀಳಿದರೆ 50 ಅಡಿಗೆ ಸುಮಾರು 43 ಅಡಿಯ ಎರಡು ಜಾಗ, ಮನೆಗೆ ತುಂಬಾ ಅನುಕೂಲ. ಹಿಂದಿನವರಿಗೆ 10 ಅಡಿ ದಾರಿ ಬಿಟ್ಟರೆ ಹೋಗುವುದು ಸುಮಾರು 1 ಸೆಂಟ್ಸ್. ಆ 1 ಸೆಂಟ್ಸನ್ನು ಇಬ್ಬರೂ ಹಂಚಿಕೊಂಡರೆ ಆಯ್ತು. ಆದರೆ ದಾರಿಯ ಹಕ್ಕು ಬಾಯಿಮಾತಲ್ಲಿ ಇರಬಾರದು, ಅಗಲದ ಸಮೇತ ಪತ್ರದಲ್ಲಿ ಇರಬೇಕು. ಬಾವಿ ಒಂದೇ ಉಂಟಾದರೆ ಅದರ ಹಕ್ಕೂ ಹಾಗೆಯೇ.

25 ಅಡಿಯಲ್ಲಿ ಉಳಿಯುವುದೆಷ್ಟು?

ಎರಡೂ ಬದಿ 3 ಅಡಿ ಬಿಟ್ಟರೆ ಕಟ್ಟಡಕ್ಕೆ ಉಳಿಯುವುದು 19 ಅಡಿ. ಇದು ಉದಾಹರಣೆಯ ಲೆಕ್ಕ. ಎಷ್ಟು ಬಿಡಬೇಕು ಎಂಬ ನಿಯಮ ಗ್ರಾಮ ಪಂಚಾಯತ್, ಪಟ್ಟಣ ಪಂಚಾಯತ್, ಪುರಸಭೆ ವ್ಯಾಪ್ತಿಗೆ ತಕ್ಕ ಹಾಗೆ ಬದಲಾಗ್ತದೆ. ಪ್ಲಾನ್ ಬರೆಸುವ ಮೊದಲೇ ಕಚೇರಿಯಲ್ಲಿ ಕೇಳಿ.

ಕೆಂಪುಕಲ್ಲಿನ ಗೋಡೆ ಗಾರೆ ಸೇರಿ ಸುಮಾರು 9 ಇಂಚು. ಎರಡು ಹೊರಗೋಡೆ, ನಡುವೆ ಒಂದು ಗೋಡೆ ಅಂದರೆ 2 ಅಡಿ 3 ಇಂಚು ಕಲ್ಲಿಗೇ ಹೋಯ್ತು. ಒಳಗೆ ಉಳಿದದ್ದು 16 ಅಡಿ 9 ಇಂಚು. ಅಕ್ಕಪಕ್ಕ ಎರಡು ಬೆಡ್‌ರೂಮ್ ಹಾಕಲು ಹೋದರೆ ಎರಡೂ 8 ಅಡಿ ಚಿಲ್ಲರೆ ಆಗ್ತದೆ. ಮಂಚ, ಕಪಾಟು ಇಟ್ಟ ಮೇಲೆ ನಡೆಯಲು ಜಾಗ ಇರುವುದಿಲ್ಲ.

ಹಾಗಾಗಿ 10 ಅಡಿ ಮತ್ತು 6 ಅಡಿ 9 ಇಂಚು ಅಂತ ವಿಭಾಗ ಮಾಡುವುದು ಒಳ್ಳೆಯದು. 10 ಅಡಿಯಲ್ಲಿ ಬೆಡ್‌ರೂಮು, ಅಡುಗೆಮನೆ. ಸಣ್ಣ ಪಟ್ಟಿಯಲ್ಲಿ ಮೆಟ್ಟಿಲು, ಓಡಾಟದ ದಾರಿ, ಸ್ಟೋರ್, ಬಟ್ಟೆ ಒಗೆಯುವ ಜಾಗ.

ಮೆಟ್ಟಿಲು ನೇರ ಇರಲಿ

ಈಗ ಮಹಡಿ ಕಟ್ಟದವರೂ ಮುಂದೆ ಮಕ್ಕಳು ಕಟ್ಟಲಿಕ್ಕುಂಟು ಅಂತ ಮೆಟ್ಟಿಲಿಗೆ ಜಾಗ ಇಡಬೇಕು. ನೆಲದಿಂದ ಮಹಡಿಯ ನೆಲಕ್ಕೆ 10 ಅಡಿ ಅಂದರೆ 120 ಇಂಚು. 18 ಮೆಟ್ಟಿಲು ಮಾಡಿದರೆ ಒಂದೊಂದರ ಎತ್ತರ 7 ಇಂಚಿನ ಒಳಗೆ, ಹಿರಿಯರ ಮೊಣಕಾಲಿಗೆ ಕಷ್ಟ ಇಲ್ಲ. ಕಾಲಿಡುವ ಜಾಗ 10 ಇಂಚು ಇಟ್ಟರೆ ಬೇಕಾಗುವ ಉದ್ದ 14 ಅಡಿ 2 ಇಂಚು.

ತಿರುಗುವ ಮೆಟ್ಟಿಲು ಹಾಕಿದರೆ 6 ಅಡಿ ಚಿಲ್ಲರೆ ಅಗಲ ಪೂರ್ತಿ ಅದಕ್ಕೇ ಹೋಗಿ, ಹಿಂದಿನ ಅಡುಗೆಮನೆಗೆ ಬೆಡ್‌ರೂಮಿನ ಒಳಗಿಂದಲೇ ಹೋಗಬೇಕಾಗ್ತದೆ. ನೇರ ಮೆಟ್ಟಿಲಾದರೆ ಗೋಡೆ ಬದಿಯಲ್ಲಿ 3 ಅಡಿ ಸಾಕು. ಉಳಿದ 3 ಅಡಿ 9 ಇಂಚು ದಾರಿ.

ಉದ್ದದ ಲೆಕ್ಕ

ಸಿಟೌಟ್ 5 ಅಡಿ, ಚಾವಡಿ 13, ಬೆಡ್‌ರೂಮ್ ಮತ್ತು ಅದರ ಬದಿಯಲ್ಲಿ ಮೆಟ್ಟಿಲು 15, ಊಟದ ಜಾಗ 8, ಅಡುಗೆಮನೆ 10. ಅಡ್ಡಗೋಡೆ ಸೇರಿ ಸುಮಾರು 55 ಅಡಿ, ಅಂದರೆ 1,045 ಚದರ ಅಡಿ. 87 ಅಡಿಯಲ್ಲಿ ಇನ್ನೂ 32 ಅಡಿ ಉಳೀತದೆ. ಎದುರು 15, ಹಿಂದೆ 17. ಎದುರು ಸಣ್ಣ ಕಾರು ನಿಲ್ತದೆ, ತುಳಸಿಕಟ್ಟೆಗೂ ಜಾಗ ಉಂಟು.

15 ಅಡಿಯ ಬೆಡ್‌ರೂಮ್ ಭಾಗದಲ್ಲಿ 4 ಅಡಿ ಟಾಯ್ಲೆಟ್‌ಗೆ ಬಿಡಿ. ಅಪ್ಪ ಅಮ್ಮ ಇರುವ ಮನೆಯಲ್ಲಿ ಕೆಳಗಿನ ಈ ರೂಮು ಅವರಿಗೇ. ಬಾಗಿಲು 3 ಅಡಿ ಇರಲಿ. ಆಸ್ಪತ್ರೆಯಿಂದ ಸ್ಟ್ರೆಚರ್‌ನಲ್ಲಿ ಕರಕೊಂಡು ಬಂದಾಗ ಎದುರು ಬಾಗಿಲಿಂದ ಮಂಚದವರೆಗೆ ತಿರುಗಿಸಲು ಜಾಗ ಬೇಕು. ಚಾವಡಿಯ ಬಾಗಿಲು ಮೂರೂವರೆ ಅಡಿ ಆದರೆ ಇನ್ನೂ ಒಳ್ಳೆಯದು. ಮನೆಯಲ್ಲಿ ಮದುವೆಯೂ ಆಗ್ತದೆ, ಸಾವೂ ಆಗ್ತದೆ.

ಉದ್ದ ಮನೆಯ ನಡುಭಾಗ ಹಗಲಲ್ಲೂ ಕತ್ತಲೆ. ಊಟದ ಜಾಗದ ಮೇಲೆ ಮಹಡಿ ಹಾಕದೆ 4 ಅಡಿಗೆ 6 ಅಡಿ ತೆರೆದು ಬಿಟ್ಟು ಪಾರದರ್ಶಕ ಶೀಟ್ ಹಾಕಬಹುದು. ಶೀಟಿನ ಕೆಳಗೆ ಬದಿಯಲ್ಲಿ ಗಾಳಿ ಹೋಗುವ ಕಿಂಡಿ ಬೇಕೇ ಬೇಕು. ಇಲ್ಲದಿದ್ದರೆ ಎಪ್ರಿಲ್, ಮೇ ತಿಂಗಳಲ್ಲಿ ಅಲ್ಲಿ ಕೂರಲಿಕ್ಕಾಗದು.

ಬಾವಿ ಮತ್ತು ಟಾಯ್ಲೆಟ್ ಪಿಟ್

ಜಗಳ ಶುರುವಾಗುವುದು, ಕಾಯಿಲೆ ಬರುವುದು ಇಲ್ಲಿಂದಲೇ. ಸೆಪ್ಟಿಕ್ ಟ್ಯಾಂಕಿನ ನೀರು ಇಂಗುವ ಗುಂಡಿ ಕುಡಿಯುವ ನೀರಿನ ಬಾವಿಯಿಂದ 18 ಮೀಟರ್, ಅಂದರೆ ಸುಮಾರು 59 ಅಡಿ ದೂರ ಇರಬೇಕು ಎನ್ನುತ್ತದೆ ಭಾರತೀಯ ಮಾನಕ ಐಎಸ್ 2470. 25 ಅಡಿ ಅಗಲದ ಜಾಗದಲ್ಲಿ ಇದು ಉದ್ದಕ್ಕೆ ಮಾತ್ರ ಸಾಧ್ಯ. ಬಾವಿ ಎದುರು, ಪಿಟ್ ಹಿಂದೆ, ಅಥವಾ ಅದರ ಉಲ್ಟಾ. ನಡುವೆ ಸುಮಾರು 70 ಅಡಿ ಸಿಗ್ತದೆ.

ಆದರೆ ನಿಮ್ಮ ಬಾವಿ ಒಂದನ್ನೇ ನೋಡಿದರೆ ಸಾಲದು. ಹಿಂದಿನ ಮನೆಯವರ ಬಾವಿ ಗಡಿಯಿಂದ 15 ಅಡಿಯಲ್ಲಿದ್ದರೆ ನಿಮ್ಮ ಪಿಟ್ ಅವರ ಕುಡಿಯುವ ನೀರಿಗೆ ಹತ್ತಿರ ಆಯ್ತು. ಜಾಗ ಇಳಿಜಾರಾದರೆ ಪಿಟ್ ಬಾವಿಗಿಂತ ತಗ್ಗಿನಲ್ಲಿ ಇರಬೇಕು. ದೂರ ಸಾಕಾಗದಿದ್ದರೆ ಅಕ್ಕಪಕ್ಕದವರು ಕೂತು ಮಾತಾಡಿ ಎಲ್ಲರ ಬಾವಿ ಒಂದು ಕಡೆ, ಪಿಟ್ ಇನ್ನೊಂದು ಕಡೆ ಅಂತ ಮಾಡಿಕೊಳ್ಳುವುದು ಒಳ್ಳೆಯದು.

ಮಾಡಿನ ನೀರು ಯಾರ ಜಾಗಕ್ಕೆ?

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ. 1,000 ಚದರ ಅಡಿ ಮಾಡಿನ ಮೇಲೆ ಬೀಳುವ ನೀರು 3.7 ಲಕ್ಷ ಲೀಟರ್, ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಟೆರೇಸ್ ಸೋರ್ತದೆ ಅಂತ ಆಮೇಲೆ ಶೀಟ್ ಹಾಕುವವರು ಅದನ್ನು 3 ಅಡಿ ಹೊರಗೆ ಚಾಚಿದರೆ ನೀರು ಬೀಳುವುದು ಪಕ್ಕದವರ ಪಾಗಾರದ ಆಚೆ. ಚಾಚು 2 ಅಡಿ ದಾಟದಿರಲಿ, ತುದಿಗೆ ದಂಬೆ ಇರಲಿ, ಪೈಪ್ ನಿಮ್ಮ ಬಾವಿಗೋ ಚರಂಡಿಗೋ ಹೋಗಲಿ. ಬಾವಿಗೆ ಬಿಡುವುದಾದರೆ ಮೊದಲ ಮಳೆಯ ನೀರು ಹೊರಗೆ ಹೋಗಲಿ, ಆಮೇಲಿನದ್ದು ಸೋಸಿ ಒಳಗೆ ಬರಲಿ.

ನದಿ ಬದಿಯವರಿಗೆ ಇನ್ನೊಂದು ಲೆಕ್ಕ. ಬಂಟ್ವಾಳದಲ್ಲಿ ನೇತ್ರಾವತಿಯ ಅಪಾಯದ ಮಟ್ಟ 8.5 ಮೀಟರ್. 1974ರ ನೆರೆಯನ್ನು ಹಿರಿಯರು ಇಂದಿಗೂ ಹೇಳ್ತಾರೆ, 2019ರ ಆಗಸ್ಟ್‌ನದ್ದು ಎಲ್ಲರೂ ನೋಡಿದ್ದೇ. ನಿಮ್ಮ ಜಾಗದಲ್ಲಿ ಆಗ ನೀರು ಎಲ್ಲಿವರೆಗೆ ಬಂದಿತ್ತು ಅಂತ ಕೇಳಿ, ಪಂಚಾಂಗ ಅದಕ್ಕಿಂತ ಮೇಲೆ ಏರಿಸಿ.

ಎದುರು ಅಂಗಡಿ ಇದ್ದರೆ

ಬಂಟ್ವಾಳ ಪೇಟೆಯ ಹಳೇ ಕಟ್ಟಡಗಳಲ್ಲಿ ಎದುರು ಅಂಗಡಿ, ಹಿಂದೆ ಮನೆ. ಈಗಲೂ ಇದೇ ಅಳತೆ ಸಾಕು. 10 ಅಡಿ ಅಂಗಡಿಗೆ, 6 ಅಡಿ 9 ಇಂಚು ಮನೆಯ ದಾರಿಗೆ. ಮನೆಗೆ ಬೇರೆಯೇ ಬಾಗಿಲು ಇರಲಿ. ಇಲ್ಲದಿದ್ದರೆ ನಾಳೆ ಅಂಗಡಿ ಬಾಡಿಗೆಗೆ ಕೊಡಲಿಕ್ಕಾಗುವುದಿಲ್ಲ. ಅಂಗಡಿಗೆ ಮೆಸ್ಕಾಂನ ಮೀಟರ್ ಬೇರೆ, ವ್ಯಾಪಾರ ಪರವಾನಗಿ ಬೇರೆ. ಹೆದ್ದಾರಿ ಬದಿಯಾದರೆ ರಸ್ತೆಯ ಮಧ್ಯದಿಂದ ಎಷ್ಟು ಬಿಡಬೇಕು ಅಂತ ಲಿಖಿತವಾಗಿ ತಿಳಿದುಕೊಂಡೇ ಮುಂದೆ ಹೋಗಿ.

ಕಾಗದಪತ್ರ, ವಾಸ್ತು

ಕೃಷಿ ಜಾಗದ ಒಂದು ಭಾಗ ಬೇರೆ ಮಾಡುವುದಾದರೆ 11ಇ ನಕ್ಷೆ, ಮನೆ ಕಟ್ಟಲು ಭೂಪರಿವರ್ತನೆ, ಆಮೇಲೆ ಏಕನಿವೇಶನ ನಕ್ಷೆಗೆ ಅನುಮೋದನೆ, ಪಂಚಾಯತ್‌ನಲ್ಲಿ 9/11, ಕಟ್ಟಡ ಪರವಾನಗಿ. ಬ್ಯಾಂಕ್ ಸಾಲಕ್ಕೂ ಇವೇ ಬೇಕು.

ವಾಸ್ತು ನೋಡಿಸುವವರು ಪ್ಲಾನ್‌ಗೆ ಮೊದಲೇ ನೋಡಿಸಿ. ಆಯದ ಲೆಕ್ಕ ಸಾಮಾನ್ಯವಾಗಿ ಸುತ್ತಳತೆಯ ಮೇಲೆ ಇರ್ತದೆ. ಹೆಚ್ಚು ಕಡಿಮೆ ಮಾಡುವುದಿದ್ದರೆ ಉದ್ದದಲ್ಲಿ ಮಾಡಿ ಅಂತ ಕೇಳಿಕೊಳ್ಳಿ. 19 ಅಡಿ ಅಗಲದಲ್ಲಿ ಅರ್ಧ ಅಡಿ ಹೋದರೂ ಮೆಟ್ಟಿಲಿನ ಬದಿಯ ದಾರಿ ಇಕ್ಕಟ್ಟಾಗ್ತದೆ.

ಕಡೆಗೆ, ಪಂಚಾಂಗ ತೆಗೆಯುವ ಮೊದಲು ಒಂದು ದಿನ ಜಾಗದಲ್ಲಿ ಸುಣ್ಣದ ಪುಡಿಯಲ್ಲಿ ಇಡೀ ಪ್ಲಾನ್ ಎಳೆಯಿರಿ. ಮಂಚದ ಅಳತೆಯಲ್ಲಿ ನಾಲ್ಕು ಕಲ್ಲಿಡಿ. ಅಮ್ಮನನ್ನೂ ಅಡುಗೆ ಮಾಡುವವರನ್ನೂ ಕರೆದು ಒಳಗೆ ನಡೆಯಲು ಹೇಳಿ. ಪಕ್ಕದ ಮನೆಯವರಿಗೂ ಪಿಟ್ ಎಲ್ಲಿ ಬರ್ತದೆ ಅಂತ ತೋರಿಸಿ. ಆ ದಿನ ಗೆರೆ ಅಳಿಸಿ ಬದಲಿಸಲು ಖರ್ಚಿಲ್ಲ. ಕಲ್ಲು ಕಟ್ಟಿದ ಮೇಲೆ ಹಾಗಲ್ಲ.